ಪಡುವಣ ಗೋಡೆಯ ದುರಸ್ತಿ

ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟಕ್ಕೆ ಗಾದೆ ಮಾಡಲಿಲ್ಲ. ಮಂಜೇಶ್ವರದ ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಕಡಲ ಕಡೆಯಿಂದ ಬೀಸಿ ಬಂದು ಪಡುವಣ ಗೋಡೆಗೇ ಹೊಡೆಯುತ್ತದೆ.

ನಮ್ಮ ಮನೆ ಅಜ್ಜನ ಕಾಲದ್ದು, ಮುರಕಲ್ಲಿನ ಗೋಡೆ. ಬುಕಾನನ್ ಎಂಬ ವೈದ್ಯರು ಮಲಬಾರಿನ ಅಂಗಡಿಪುರದಲ್ಲಿ ಕಂಡ ಈ ಕಲ್ಲಿಗೆ ತಮ್ಮ 1807ರ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟರು. ಮೈತುಂಬ ತೂತುಗಳಿರುವ ಈ ಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಇದನ್ನರಿತ ಹಿಂದಿನವರು ಮಳೆಗೆ ಮುಂಚೆ ಪಡುವಣಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದ ಮೇಲೆ ಸುಣ್ಣ ಬಳಿಯುತ್ತಿದ್ದರು. ತಂದೆಯವರ ಕಾಲಕ್ಕೆ ಊರಿನ ಎಲ್ಲ ಮನೆಗಳಂತೆ ನಮ್ಮದಕ್ಕೂ ಸಿಮೆಂಟಿನ ಗಾರೆ ಬಂತು. ಸಿಮೆಂಟು ಬಿರುಸು. ಬಿರುಕಿನಲ್ಲಿ ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ. ವರ್ಷಗಳು ಕಳೆದಂತೆ ಗಾರೆ ಉಬ್ಬಿತು, ಹಪ್ಪಳದಂತೆ ಕಳಚಿತು, ಹಿಂದಿನ ಕಲ್ಲು ಸವೆಯಿತು.

ತಮ್ಮಂದಿರು "ಕೆಡವಿ ಜಾಗವನ್ನು ನಾಲ್ಕು ಪಾಲು ಮಾಡೋಣ" ಎಂದರು. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ದೀಪ ಹಚ್ಚುತ್ತಿರುವವರು ಅತ್ತಿಗೆ. ಅವರು ಕೇಳಿದ್ದು ಒಂದೇ ಮಾತು: "ಬಿದ್ದದ್ದು ಗಾರೆ ತಾನೆ, ಗೋಡೆ ಅಲ್ಲವಲ್ಲ?" ಅಡಿಕೆ ವ್ಯಾಪಾರದವರಾದ ನಮಗೆ ಆ ಮಾತು ನಾಟಿತು. ಗೋಣಿ ಹರಿಯಿತೆಂದು ಒಳಗಿನ ಅಡಿಕೆಯನ್ನು ಯಾರೂ ಎಸೆಯುವುದಿಲ್ಲ.

ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮೊದಲು ನೋಡಿದ್ದು ಗೋಡೆಯನ್ನಲ್ಲ, ಮಾಡನ್ನು. ಒಡೆದ ಹಂಚು ಬದಲಾಯಿತು, ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದ ನೀರಿಗೆ ಚರಂಡಿಯಾಯಿತು. ನೀರಿನ ದಾರಿ ತಪ್ಪಿಸದೆ ಗೋಡೆ ಮುಟ್ಟಿದರೆ ಹಣ ದಂಡ ಎಂದರು. ಬಳಿಕ ಗೋಡೆಯನ್ನು ಬೆರಳ ಗಂಟಿನಿಂದ ಬಡಿಯುತ್ತಾ ಹೋದರು. ಪೊಳ್ಳು ಸದ್ದು ಬಂದಲ್ಲೆಲ್ಲ ಗಾರೆ ಕೆತ್ತಿ ತೆಗೆದರು. ಬಿರುಕುಗಳಲ್ಲಿ ಇರುವೆಗಳಿದ್ದವು. ಅವು ತಾವಾಗಿ ಬೇರೆಡೆಗೆ ಹೋಗುವ ತನಕ ನಾವು ಆ ಭಾಗವನ್ನು ಮುಚ್ಚಗೊಡಲಿಲ್ಲ.

ಕೆಲಸ ನಡೆದದ್ದು ಗೋಡೆ ಪೂರ್ಣ ಒಣಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ. ತೀರ ಸವೆದ ಕಲ್ಲುಗಳನ್ನು ಬಿಡಿಸಿ ಹೊಸ ಮುರಕಲ್ಲು ಕೂರಿಸಿದರು. ಮುರಕಲ್ಲು ಅಗೆದಾಗ ಮೆದು, ಗಾಳಿ ಬಿಸಿಲು ತಾಕಿದ ಮೇಲೆ ಗಟ್ಟಿ. ಆದ್ದರಿಂದ ಕಲ್ಲನ್ನು ಮೊದಲೇ ತರಿಸಿ ಅಂಗಳದಲ್ಲಿ ಇಟ್ಟಿದ್ದೆವು. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, 1 ಪಾಲಿಗೆ 3 ಪಾಲು ತೊಳೆದ ಮರಳು ಬೆರೆಸಿದರು. ಗೋಡೆಗೆ ನೀರು ಚಿಮುಕಿಸಿ, ಗಾರೆಯನ್ನು ತೆಳ್ಳಗೆ ಎರಡು ಸಲ ಹಚ್ಚಿದರು. ನಡುವೆ ಕೆಲವು ದಿನ ಬಿಡುವು. ಸುಣ್ಣದ ಗಾರೆ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಸೀಳುತ್ತದೆ. ಹಾಗಾಗಿ ಒದ್ದೆ ಗೋಣಿ ಇಳಿಬಿಟ್ಟರು. ಕೊನೆಗೆ ಸುಣ್ಣದ ತಿಳಿ ಮೂರು ಸಲ. ಹೊಳೆಯುವ ಪ್ಲಾಸ್ಟಿಕ್ ಬಣ್ಣ ಬೇಡವೆಂದೆವು. ಅದು ಮತ್ತೆ ಗೋಡೆಯ ಉಸಿರು ಕಟ್ಟುತ್ತದೆ.

ಸಾಮಾನಿಗಿಂತ ಕೂಲಿಗೇ ಹೆಚ್ಚು ಹೋಯಿತು. ಆದರೂ ಕೆಡವಿ ಕಟ್ಟುವ ಲೆಕ್ಕದ ಮುಂದೆ ಅದು ಅಲ್ಪ. ಎರಡು ಮಳೆಗಾಲ ಕಳೆದಿವೆ, ಒಳಗೋಡೆ ಒಣಗಿಯೇ ಇದೆ. ಪಾಲಿನ ಮಾತು ಇನ್ನೂ ಮುಗಿದಿಲ್ಲ, ಮುಗಿಯಲೂಬೇಕು. ಆದರೆ ಕಳೆದ ದೀಪಾವಳಿಗೆ ತಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋದರು. ಅತ್ತಿಗೆಗೆ ಅಷ್ಟೇ ಸಾಕಾಗಿತ್ತು.

ಹಳೆಯ ಮನೆಯಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕೆಡಹುವ ನಿರ್ಧಾರಕ್ಕೆ ಮುಂಚೆ ಒಮ್ಮೆ ಗೋಡೆಯನ್ನು ಬಡಿದು ನೋಡಿ. ಪೊಳ್ಳಾಗಿರುವುದು ಬರೀ ಗಾರೆಯೋ, ಒಳಗಿನ ಕಲ್ಲೋ ಎಂಬುದು ತಿಳಿಯಲಿ.