ಸೈಕಲ್ ಸಂಸಾರ

ಮೈಸೂರಿನ ಹೊಸ ಬಡಾವಣೆಗಳಲ್ಲಿ ಸೈಕಲ್ ತುಳಿಯುವ ನಡುವಯಸ್ಸಿನ ಗೃಹಸ್ಥನಿಗೆ ಜನ ಕೇಳುವುದು ಎರಡೇ ಪ್ರಶ್ನೆ. ಒಂದು, "ಏನ್ ಸಾರ್, ಗಾಡಿ ರಿಪೇರಿಗೆ ಬಿಟ್ಟಿದ್ದೀರಾ?" ಇನ್ನೊಂದು, "ಯಾವಾಗ ಬಂತು ಸಾರ್ ಶುಗರ್ರು?" ತರಕಾರಿ ತರೋಕೆ ಹೊರಟಿದ್ದೀನಿ ಅಂದರೆ ಯಾರೂ ನಂಬುವುದಿಲ್ಲ. ಹ್ಯಾಂಡಲಿಗೆ ನೇತುಹಾಕಿದ ಚೀಲದಿಂದ ನುಗ್ಗೆಕಾಯಿ ಇಣುಕುತ್ತಿದ್ದರೂ ಅವರ ಕಣ್ಣಿಗೆ ಕಾಣುವುದು ನನಗಿಲ್ಲದ ಸಕ್ಕರೆ ಕಾಯಿಲೆಯೇ. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ನನ್ನ ಹೆಂಡತಿ, ನಡುವೆ ಮಗಳು ಬರುವುದು ಕಂಡರಂತೂ ಪ್ರಶ್ನೆಗಳೇ ನಿಂತುಹೋಗುತ್ತವೆ. ಇವರ ಮನೆ ಕಂತು ಎಷ್ಟು ಬಾಕಿ ಇದೆಯೋ ಪಾಪ ಎಂಬ ಮರುಕ ಮುಖದ ಮೇಲೆ ಬರುತ್ತದೆ.

ನಾವಿರುವುದು ದಟ್ಟಗಳ್ಳಿಯ ಕಡೆ. ಊರು ಈ ದಿಕ್ಕಿಗೆ ಬೆಳೆದ ಕ್ರಮವೇ ವಿಚಿತ್ರ. ಮೊದಲು ಸೈಟು ಬಂತು, ಆಮೇಲೆ ಮನೆ, ಆಮೇಲೆ ರಸ್ತೆ, ಕಟ್ಟಕಡೆಗೆ ಅಂಗಡಿ. ಹಳೆಯ ಅಗ್ರಹಾರದಲ್ಲೋ ಸರಸ್ವತಿಪುರದಲ್ಲೋ ಇರುವವರಿಗೆ ಒಗ್ಗರಣೆ ಸಿಡಿಯುವಷ್ಟರಲ್ಲಿ ಕರಿಬೇವು ತರಬಹುದು. ನಮಗೆ ಹಿಟ್ಟಿನ ಗಿರಣಿ ಒಂದು ಮೂಲೆ, ಶಾಲೆ ಇನ್ನೊಂದು ಮೂಲೆ, ಒಳ್ಳೆಯ ಸೊಪ್ಪು ಸಿಗುವ ಜಾಗ ಮತ್ತೊಂದು. ಎಲ್ಲವೂ ಎರಡು ಮೂರು ಕಿಲೋಮೀಟರ್. ನಡೆದರೆ ಹೊತ್ತು, ಕಾರು ತೆಗೆದರೆ ದಂಡ. ಈ ದೂರಕ್ಕೆ ಹೇಳಿ ಮಾಡಿಸಿದ್ದು ಸೈಕಲ್ಲೇ. ಅವಸರವಿಲ್ಲದೆ ತುಳಿದರೂ ಗಂಟೆಗೆ 12 ಕಿಲೋಮೀಟರ್ ಹೋಗುತ್ತದೆ. ಅಂದರೆ ಮೂರು ಕಿಲೋಮೀಟರಿಗೆ ಕಾಲು ಗಂಟೆ. ಎದುರುಮನೆಯವರು ಗೇಟು ತೆಗೆದು, ಕಾರು ಹಿಂದಕ್ಕೆ ತೆಗೆದು, ಇಳಿದು ಗೇಟು ಹಾಕಿ, ಅಲ್ಲಿ ಹೋಗಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ನನ್ನ ಕೊತ್ತಂಬರಿ ಸೊಪ್ಪು ಮನೆಯ ಚಟ್ನಿಯಲ್ಲಿರುತ್ತದೆ.

ಇಷ್ಟಾದರೂ ಸೈಕಲ್ಲಿಗೆ ಮರ್ಯಾದೆ ಏಕಿಲ್ಲ? ನಮ್ಮತ್ತೆಯವರ ತೀರ್ಮಾನ ಹೀಗಿದೆ: "ನಮ್ಮ ಕಾಲದಲ್ಲಿ ಸೈಕಲ್ ಇದ್ದೋನಿಗೆ ಹೆಣ್ಣು ಕೊಡ್ತಿದ್ರು. ಈಗ ಸೈಕಲ್ಲಲ್ಲಿ ಬಂದೋನಿಗೆ ಕಾಫೀನೂ ಕೊಡಲ್ಲ." ಅವರ ಕಾಲದ ವರದಕ್ಷಿಣೆ ಪಟ್ಟಿಯಲ್ಲಿ ವಾಚು, ರೇಡಿಯೋ ಜೊತೆಗೆ ಸೈಕಲ್ಲೂ ಇರುತ್ತಿತ್ತು. ಪುರಸಭೆಗೆ ಅದರ ತೆರಿಗೆ ಕಟ್ಟಿ, ಲೋಹದ ಬಿಲ್ಲೆ ತಂದು ಸಿಕ್ಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡಿಂಗಿಗೆ ದಂಡ. ಗಂಡ ತುಳಿಯುವುದು, ಬಾರಿನ ಮೇಲೆ ಮಗು, ಕ್ಯಾರಿಯರ್ ಮೇಲೆ ಹೆಂಡತಿ. ಹೀಗೆ ಇಡೀ ಸಂಸಾರ ಸಿನಿಮಾಕ್ಕೆ ಹೊರಟಿತೆನ್ನಿ. ಸರ್ಕಲ್ಲಿನಲ್ಲಿ ಪೇದೆಯ ಟೋಪಿ ಕಂಡೊಡನೆ ಹೆಂಡತಿ ಇಳಿದು, ಈ ಗಂಡಸು ಯಾರೋ ಗೊತ್ತೇ ಇಲ್ಲವೆಂಬಂತೆ ನಡೆದು, ತಿರುವು ದಾಟಿದ ಮೇಲೆ ಮತ್ತೆ ಏರಿ ಕೂರುತ್ತಿದ್ದಳು. ಈಗ ಬಿಲ್ಲೆಯೂ ಇಲ್ಲ, ದಂಡವೂ ಇಲ್ಲ. ಸಂತೋಷಪಡಬೇಕೋ ಬೇಡವೋ ತಿಳಿಯದು. ದಂಡ ಹಾಕಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ!

ಸೈಕಲ್ಲಿಗೂ ಸಂಸಾರಕ್ಕೂ ಇರುವ ನಂಟು ನಮ್ಮೂರಿನದಷ್ಟೇ ಅಲ್ಲ. ಅದರ ಚಕ್ರಕ್ಕೆ ಗಾಳಿ ತುಂಬಿದ್ದೇ ಒಬ್ಬ ಅಪ್ಪ. ಬೆಲ್‌ಫಾಸ್ಟಿನಲ್ಲಿ ದನ-ಕುದುರೆಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿ ಕಲ್ಲುರಸ್ತೆಯಲ್ಲಿ ಕುಲುಕುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ಊದಿ ಚಕ್ರಕ್ಕೆ ಸುತ್ತಿದ. 1888ರಲ್ಲಿ ಪೇಟೆಂಟೂ ಸಿಕ್ಕಿತು. ಆಮೇಲೆ ನೋಡಿದರೆ, ರಾಬರ್ಟ್ ಥಾಮ್ಸನ್ ಎಂಬಾತ ಅದನ್ನೇ 1845ರಷ್ಟು ಹಿಂದೆಯೇ ಬರೆಸಿಟ್ಟಿದ್ದ. ಡನ್‌ಲಪ್ಪನ ಮಗನ ಬೆನ್ನು ಉಳಿಯಿತು, ಪೇಟೆಂಟ್ ಉಳಿಯಲಿಲ್ಲ. ಆದರೆ ನಮ್ಮ ಬಡಾವಣೆಯ ಹಂಪುಗಳನ್ನು ಕಂಡಿದ್ದರೆ ಡನ್‌ಲಪ್ಪನೂ ಕೈಮುಗಿದು ದನಗಳ ಬಳಿಗೇ ಮರಳುತ್ತಿದ್ದ. ಮನೆ ಕಟ್ಟಿ ಉಳಿದ ಸಿಮೆಂಟನ್ನು ಮನೆಮುಂದೆ ರಸ್ತೆಗಡ್ಡ ಸುರಿದು ಹಂಪು ಮಾಡುವುದು ಇಲ್ಲಿ ಗೃಹಪ್ರವೇಶದ ಕೊನೆಯ ಶಾಸ್ತ್ರ.

ಪಂಕ್ಚರ್ ಆದರೆ ಮತ್ತೊಂದು ಕಥೆ. ಮೋಟಾರ್ ಬೈಕಿಗೆ ಹೆಜ್ಜೆಗೊಂದು ಅಂಗಡಿ. ಸೈಕಲ್ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗಕ್ಕೆ ಕಡ್ಡಿ ಚುಚ್ಚಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸುವ ತಾಳ್ಮೆಯ ಮನುಷ್ಯ ಅಪರೂಪವಾಗಿದ್ದಾನೆ. ದೊಡ್ಡ ಕಂಪನಿಗಳ ಗತಿಯೂ ಅಷ್ಟೆ. 1951ರಲ್ಲಿ ಹುಟ್ಟಿ ಹಳ್ಳಿಹಳ್ಳಿಗೂ ಹೆಸರು ಮುಟ್ಟಿಸಿದ ಅಟ್ಲಾಸ್, ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಬೈಸಿಕಲ್ ದಿನ!

ಹಾಗೆಂದು ಸರ್ಕಾರ ಸುಮ್ಮನೆ ಕೂತಿರಲಿಲ್ಲ. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದ ಮೇಲೆ, ಎರಡು ಜಡೆಯ ಹುಡುಗಿಯರು ಸಾಲಾಗಿ ಬೆಲ್ಲು ಹೊಡೆಯುತ್ತ ಹೈಸ್ಕೂಲಿಗೆ ಹೋಗುವ ನೋಟ ನಾಡಿನುದ್ದಕ್ಕೂ ಕಂಡಿತು. 2017ರಲ್ಲಿ ನಮ್ಮ ಮೈಸೂರಿಗೇ 'ಟ್ರಿಣ್ ಟ್ರಿಣ್' ಬಂತು. ಕಾರ್ಡು ತೋರಿಸಿ ಒಂದು ಕಡೆ ಎತ್ತಿಕೊಂಡು ಇನ್ನೊಂದು ಕಡೆ ಬಿಟ್ಟುಹೋಗುವ 450 ಸೈಕಲ್ಲುಗಳು. ಮಗಳು ಶಾಲೆಗೆ, ಪ್ರವಾಸಿ ಅರಮನೆಗೆ ಸೈಕಲ್ಲಿನಲ್ಲಿ ಹೋದರೆ ಎಲ್ಲರಿಗೂ ಸೈ. ಅಪ್ಪ ಅಮ್ಮ ಹೊರಟರೆ ಮಾತ್ರ ಯಾಕೋ ಸಹಿಸದು.

ಭಾನುವಾರ ಬೆಳಗ್ಗೆ ಇದೇ ಜನ ಚಾಮುಂಡಿ ಬೆಟ್ಟದ ಬುಡಕ್ಕೆ ಕಾರಿನ ಮೇಲೆ ಸೈಕಲ್ ಹೊರಿಸಿಕೊಂಡು ಬರುತ್ತಾರೆ. ಮೈಗಂಟುವ ಬಟ್ಟೆ, ಕಪ್ಪು ಕನ್ನಡಕ, ಸ್ಕೂಟರಿಗಿಂತ ದುಬಾರಿಯ ಸೈಕಲ್. ಅದಕ್ಕೆ ಕ್ಯಾರಿಯರಿಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಅರ್ಧ ಕಿಲೋ ಬದನೆಕಾಯಿ ಹೊರುವ ಯೋಗ್ಯತೆಯಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಬೆಟ್ಟ ಹತ್ತುವ ಕಾಲಿಗೆ ನಮಸ್ಕಾರ. ಆದರೆ ಲೆಕ್ಕ ನೋಡಿ: ಸೈಕಲ್ ವ್ಯಾಯಾಮವಾದರೆ ಗೌರವ, ಕೆಲಸಕ್ಕೆ ಬಂದರೆ ಮರುಕ.

ಹಾಲೆಂಡಿಗೆ ಹೋದ ನಮ್ಮ ಹುಡುಗರು ಅಲ್ಲಿಂದ ಫೋಟೋ ಕಳಿಸುತ್ತಾರೆ. ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲು, ಅದರೊಳಗೆ ಎರಡು ಮಕ್ಕಳು, ದಿನಸಿ ಚೀಲ, ತುಳಿಯುತ್ತಿರುವ ಅಮ್ಮ. ಇಲ್ಲಿ ಅದನ್ನು ನೋಡಿ ಎಲ್ಲರೂ "ಆಹಾ" ಅನ್ನುತ್ತಾರೆ. ಅವರಿಗೂ ಅದು ದೇವರು ಕೊಟ್ಟ ವರವಲ್ಲ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯಿತಂದೆಯರು ಬೀದಿಗಿಳಿದು ರಸ್ತೆಗಳನ್ನೇ ಅಡ್ಡಗಟ್ಟಿದರು. ಸೈಕಲ್ ದಾರಿಗಳು ಇಷ್ಟೊಂದು ಹಬ್ಬಿದ್ದು ಆಮೇಲೆ.

ನಮ್ಮನೆಯಲ್ಲೂ ಕಷ್ಟ ಇರುವುದು ಕಾಲಿನಲ್ಲಲ್ಲ, ಎದೆಯಲ್ಲಿ. ಬಡಾವಣೆಯ ಒಳರಸ್ತೆಗಳಲ್ಲಿ ಮಗಳದೇ ರಾಜ್ಯ. ರಿಂಗ್ ರೋಡ್ ಹತ್ತಿರವಾದಂತೆ ಹೆಂಡತಿಯ ದನಿ ಬದಲಾಗುತ್ತದೆ: "ರೀ, ಇಳೀರಿ. ಪುಟ್ಟಿ, ಇಳಿ. ತಳ್ಕೊಂಡು ದಾಟೋಣ." ಅಲ್ಲಿ ಅವಳ ಮಾತೇ ಕಾನೂನು. ಉಳಿದ ಕಡೆ ಒಬ್ಬರು ಮುಂದೆ, ಮಗಳು ನಡುವೆ, ಇನ್ನೊಬ್ಬರು ಹಿಂದೆ, ಅದೂ ಒಂದಿಷ್ಟು ಬಲಕ್ಕೆ. ಬರುವ ವಾಹನ ಮೊದಲು ದೊಡ್ಡವರನ್ನು ಬಳಸಿ ಹೋಗಲಿ ಎಂದು. ಸೈಕಲ್ ತುಳಿಯುವ ಮನೆಗಳು ಬೀದಿಗೆ ನಾಲ್ಕಾದರೆ ಈ ಕಾವಲು ಅರ್ಧ ಕಡಮೆಯಾದೀತು. ಎಲ್ಲರೂ ಮಕ್ಕಳನ್ನು ಕಾರಿನಲ್ಲಿ ಬಿಡುವುದು ರಸ್ತೆ ತುಂಬ ಕಾರು ಎಂಬ ಭಯದಿಂದ. ರಸ್ತೆ ತುಂಬ ಕಾರು ಇರುವುದು ಎಲ್ಲರೂ ಮಕ್ಕಳನ್ನು ಕಾರಿನಲ್ಲಿ ಬಿಡುವುದರಿಂದ.

ಆದ್ದರಿಂದ ಕಾರಿನಲ್ಲಿ ಕೂತ ಮಹನೀಯರಲ್ಲಿ ಒಂದು ವಿನಂತಿ. ಮುಂದೆ ಒಂದು ಸಂಸಾರ ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ಬೆನ್ನಿಗೇ ಬಂದು ಹಾರ್ನ್ ಬಾರಿಸಬೇಡಿ. ನಮಗೆ ಕನ್ನಡಿ ಇಲ್ಲದಿದ್ದರೂ ಕಿವಿ ಇದೆ, ನೀವು ಬರುವುದು ಗೊತ್ತಾಗುತ್ತದೆ. ಸ್ವಲ್ಪ ನಿಧಾನಿಸಿ, ಜಾಗ ಬಿಟ್ಟು ಮುಂದೆ ಹೋಗಿ. ಮಾತಾಡಲೇಬೇಕೆನಿಸಿದರೆ ಇವತ್ತು ಸೊಪ್ಪು ಎಲ್ಲಿ ಚೆನ್ನಾಗಿದೆ ಅಂತ ಕೇಳಿ, ಹೇಳುತ್ತೇವೆ.