ಹಕಾರದ ಬಣ್ಣ

ಶಬ್ದಕ್ಕೆ ಬಣ್ಣವುಂಟೆ ಎಂದು ಯಾರಾದರೂ ಕೇಳಿದರೆ ನಾವು ಮೊದಲು ಕೇಳಿದವರ ಮುಖವನ್ನು ನೋಡುತ್ತೇವೆ. ಆದರೆ ಈ ವಿಷಯದಲ್ಲಿ ಖಚಿತವಾದ ಅಭಿಪ್ರಾಯವಿದ್ದ ಒಬ್ಬ ಮಹನೀಯನು ನಮ್ಮಲ್ಲಿಯೇ ಆಗಿಹೋಗಿದ್ದಾನೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ, ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುವುದೆಂದೂ, ಅದರ ಬಣ್ಣ ಬಿಳುಪೆಂದೂ ಹೇಳುತ್ತಾನೆ. ವರ್ಷಕ್ಕೊಮ್ಮೆ ನಾನು ತರಗತಿಯಲ್ಲಿ ಈ ಸೂತ್ರವನ್ನು ಬಿಡಿಸಿ ಹೇಳಬೇಕಾಗುತ್ತದೆ. ‘ಬಿಳುಪು’ ಎಂಬಲ್ಲಿಗೆ ಬಂದೊಡನೆ ಹಿಂದಿನ ಬೆಂಚಿನಲ್ಲಿ ಒಂದು ಕಿರುನಗೆ ಹುಟ್ಟುವುದು ವಾಡಿಕೆ. ಆ ನಗೆಗೆ ಉತ್ತರ ನನಗೆ ದೊರೆತದ್ದು ಯಾವ ವ್ಯಾಖ್ಯಾನಗ್ರಂಥದಿಂದಲೂ ಅಲ್ಲ. ನಮ್ಮ ಮನೆಯ ಮಹಡಿಯ ಕೋಣೆಯಿಂದ.

ಆ ಕೋಣೆಯಲ್ಲಿರುವವನು ನನ್ನ ಸೋದರಳಿಯ. ಹಗಲು ಇಂಜಿನಿಯರಿಂಗ್ ಓದುತ್ತಾನೆ. ರಾತ್ರಿ ಕಂಪ್ಯೂಟರಿನಲ್ಲಿ ನೃತ್ಯಸಂಗೀತವನ್ನು ತಯಾರಿಸುತ್ತಾನೆ. ‘ತಯಾರಿಸುತ್ತಾನೆ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಅಲ್ಲಿ ವೀಣೆಯಿಲ್ಲ, ಮೃದಂಗವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಪ್ರತಿಯೊಂದು ನಾದವನ್ನೂ ಅಡಿಪಾಯದಿಂದ ಕಟ್ಟಿ ಎಬ್ಬಿಸಬೇಕು.

“ಈ ‘ದುಮ್’ ಎನ್ನುವುದು ಯಾವ ಚರ್ಮದ ವಾದ್ಯವೂ ಅಲ್ಲ, ಮಾವ” ಎಂದು ಅವನು ಒಂದು ದಿನ ತೋರಿಸಿದ. ಏರಿಳಿತದಲ್ಲಿ ಅಂಕುಡೊಂಕಿಲ್ಲದ ಒಂದು ಸರಳವಾದ ಅಲೆ. ಅದಕ್ಕೆ ಸೈನ್ ಅಲೆಯೆಂದು ಹೆಸರು. ಸೆಕೆಂಡಿಗೆ ಕೆಲವು ನೂರು ಕಂಪನಗಳಿಂದ ಅದನ್ನು ಹೊರಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸುಮಾರು 50 ಕಂಪನಗಳಿಗೆ ಬೀಳಿಸಿದರೆ ನಗಾರಿಯ ಪೆಟ್ಟಿನಂತೆ ಎದೆಗೆ ತಾಕುತ್ತದೆ. ನಿಮಿಷಕ್ಕೆ 120ರಿಂದ 130 ಪೆಟ್ಟುಗಳು, ನಾಲ್ಕು ನಾಲ್ಕಾಗಿ. ಮಂದಾನಿಲ ರಗಳೆಯಲ್ಲಿ ನಾಲ್ಕು ಮಾತ್ರೆಯ ಗಣಗಳನ್ನು ನಾಲ್ಕು ನಾಲ್ಕಾಗಿ ಎಣಿಸಿಕೊಂಡೇ ಹೊಟ್ಟೆ ಹೊರೆಯುವ ನನಗೆ ಈ ಲೆಕ್ಕ ತೀರ ಪರಕೀಯವೆನಿಸಲಿಲ್ಲ. ಆ ಪೆಟ್ಟು ಬಿದ್ದಾಗಲೆಲ್ಲ ಉಳಿದ ನಾದಗಳು ಒಂದು ಕ್ಷಣ ತಗ್ಗಿ ಮತ್ತೆ ತಲೆಯೆತ್ತುವಂತೆಯೂ ಅವನು ಏರ್ಪಾಡು ಮಾಡಿರುತ್ತಾನೆ. ಹಿರಿಯರು ಮಾತನಾಡುವಾಗ ಕಿರಿಯರು ಸುಮ್ಮನಿರುವ ಈ ಸಂಪ್ರದಾಯವು ಮನೆಗಳಲ್ಲಿ ಮರೆಯಾಗಿ ಕಂಪ್ಯೂಟರಿನಲ್ಲಾದರೂ ಉಳಿದಿದೆಯಲ್ಲ ಎಂದು ನನಗೆ ಸಂತೋಷವಾಯಿತು.

ಇನ್ನೊಂದು ಮೂಲದ್ರವ್ಯ ಗರಗಸದ ಅಲೆ. ಚಿತ್ರದಲ್ಲಿ ನೋಡಿದರೆ ಗರಗಸದ ಹಲ್ಲುಗಳೇ. ಇದರಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ, ಒಂದಕ್ಕಿಂತ ಒಂದು ಕ್ಷೀಣವಾಗುತ್ತ, ಸಾಲಾಗಿ ಅಡಗಿರುತ್ತವೆ. ಹಾಗೆಯೇ ಕೇಳಿದರೆ ಕಿವಿಗೆ ಕರ್ಕಶ. ಅದನ್ನು ಫಿಲ್ಟರಿಗೆ ಹಾಕಬೇಕು. ಫಿಲ್ಟರ್ ಎಂದರೆ ನಮ್ಮ ಮನೆಗಳಲ್ಲಿ ಕಾಫಿಯದೇ ನೆನಪು. ಕೆಲಸವೂ ಹೆಚ್ಚುಕಡಮೆ ಅದೇ. ಬೇಕಾದ ಕಂಪನಗಳನ್ನು ಇಳಿಯಬಿಟ್ಟು ಬೇಡದ್ದನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಶಿಲ್ಪಿಯು ಕಲ್ಲಿನಿಂದ ಬೇಡದ್ದನ್ನು ಕೆತ್ತಿ ತೆಗೆದು ವಿಗ್ರಹವನ್ನು ಪಡೆಯುವಂತೆ, ಇವನು ಗದ್ದಲದಿಂದ ಬೇಡದ್ದನ್ನು ಕಳೆದು ನಾದವನ್ನು ಪಡೆಯುತ್ತಾನೆ. ಬಳಿಕ ಅದು ಹೇಗೆ ಮೇಲೇಳಬೇಕು, ಎಷ್ಟು ಇಳಿಯಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿನಲ್ಲಿ ಅಡಗಬೇಕು ಎಂಬ ನಾಲ್ಕು ಅವಸ್ಥೆಗಳನ್ನು ಗೊತ್ತುಮಾಡುತ್ತಾನೆ. ಮೇಲೇಳುವುದನ್ನು ನಿಧಾನ ಮಾಡಿದರೆ ಪಿಟೀಲಿನಂತೆ ಅರಳುತ್ತದೆ. ಥಟ್ಟನೆ ಎಬ್ಬಿಸಿ ಕೂಡಲೇ ಅಡಗಿಸಿದರೆ ಮರದ ತುಂಡಿನಂತೆ ಟಕ್ಕೆನ್ನುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಪುಟವಿದೆ. ಜಪಾನಿನ ರೋಲಂಡ್ ಕಂಪನಿಯ ‘ಟಿಬಿ–303’ ಎಂಬ ಪುಟ್ಟ ಯಂತ್ರವು ಬಾಸ್ ಗಿಟಾರನ್ನು ಅನುಕರಿಸಲೆಂದು ಹುಟ್ಟಿ, ಅದರಲ್ಲಿ ಸೋತು, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತುಹೋಯಿತು. 1987ರಲ್ಲಿ ಶಿಕಾಗೊ ನಗರದ ತರುಣರು ಅದರ ಫಿಲ್ಟರನ್ನು ತಿರುಗಿಸುತ್ತ ಹೊರಡಿಸಿದ ಕೀರಲು ನಾದದಿಂದ ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತವೇ ಹುಟ್ಟಿತು. ಅದಕ್ಕೂ ಮುಂಚೆ, 1982ರಲ್ಲಿಯೇ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ಅವರು ಅದೇ ಯಂತ್ರದಿಂದ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ಹೊರತಂದಿದ್ದರು. ಆಗ ಅದನ್ನು ಕೇಳಿದವರು ವಿರಳ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು.

ಅದಿರಲಿ. ನನ್ನ ಮನಸ್ಸು ನೆಟ್ಟದ್ದು ಬೇರೊಂದು ಕಡೆ. ಒಂದು ಸಂಜೆ ಅಳಿಯನು ಗರಗಸದ ಅಲೆಯನ್ನು ಫಿಲ್ಟರಿನಿಂದ ಎರಡು ಕಡೆ ಉಬ್ಬಿಸಿದ: ಸುಮಾರು 700 ಕಂಪನಗಳಲ್ಲಿ ಒಂದು, 1,100ರಲ್ಲಿ ಇನ್ನೊಂದು. ಸ್ಪೀಕರು ‘ಆ’ ಎಂದಿತು. ಉಬ್ಬುಗಳನ್ನು 300ಕ್ಕೂ 2,300ಕ್ಕೂ ಸರಿಸಿದ, ‘ಈ’ ಎಂದಿತು. ಆ ಹೊತ್ತಿಗೆ ಬಾಗಿಲಲ್ಲಿ ನನ್ನ ತಂದೆಯವರು ನಿಂತಿದ್ದರು.

ತಂದೆಯವರು ನಿವೃತ್ತ ಕನ್ನಡ ಪಂಡಿತರು, ಗಮಕಿಗಳು. ಮೂರು ವರ್ಷಗಳ ಹಿಂದೆ ಗಂಟಲಿನ ಕ್ಯಾನ್ಸರಿಗಾಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವರ ಉಸಿರಾಟ ಕುತ್ತಿಗೆಯ ರಂಧ್ರದಿಂದ. ವೈದ್ಯರು ಒಂದು ಉಪಕರಣವನ್ನು ಕೊಡಿಸಿದ್ದರು. ಟಾರ್ಚಿನಂತಿರುವ ಅದನ್ನು ಕುತ್ತಿಗೆಗೆ ಒತ್ತಿ ಗುಂಡಿಯನ್ನು ಅದುಮಿದರೆ ಝೇಂಕರಿಸುತ್ತದೆ. ಬಾಯಿಯನ್ನು ಆಡಿಸಿದರೆ ಆ ಝೇಂಕಾರವೇ ಮಾತಾಗುತ್ತದೆ. ತಂದೆಯವರು ಅದಕ್ಕೆ ‘ದುಂಬಿ’ ಎಂದು ಹೆಸರಿಟ್ಟು ಬೀರುವಿನಲ್ಲಿ ಇರಿಸಿದರು. ಕುಮಾರವ್ಯಾಸನನ್ನು ಹಾಡಿದ ಬಾಯಲ್ಲಿ ಯಂತ್ರದ ಗೊಣಗು ಬೇಡವೆಂಬುದು ಅವರ ಹಟ. ಅದಕ್ಕಿಂತ ದೊಡ್ಡ ನೋವು ಅಕ್ಷರದ್ದು. ಉಸಿರು ಬಾಯಿಗೆ ಬಾರದಿರುವುದರಿಂದ ಕಕಾರವು ಗಕಾರದಂತೆ ಕೇಳುತ್ತದೆ. ಮಹಾಪ್ರಾಣವಂತೂ ಹೊರಡುವುದೇ ಇಲ್ಲ. ‘ಹಾಲು’ ಎನ್ನಲಾರದೆ ‘ಆಲು’ ಎಂದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಅವರು! ತಮ್ಮ ಬಾಯಿಂದಲೇ ‘ಆಲು’ ಹೊರಟ ದಿನ ಸ್ಲೇಟನ್ನು ಹಿಡಿದರು. ಬಂದವರೊಡನೆ ಮಾತು ನಿಂತಿತು. ಕ್ರಮೇಣ ಬರುವವರೂ ನಿಂತರು.

ಅಂದು ಅಳಿಯನು ಬೀರುವಿನಿಂದ ದುಂಬಿಯನ್ನು ತಂದು ಸ್ಪೀಕರಿನ ಪಕ್ಕದಲ್ಲಿಟ್ಟ. “ತಾತ, ಇದೂ ನನ್ನ ಗರಗಸದ ಅಲೆಯೂ ಒಂದೇ ಜಾತಿ. ನಾನು ಇಷ್ಟೆಲ್ಲ ತಿರುಗಿಸಿ ಒಂದು ‘ಆ’ ಮಾಡಿದೆ. ನಿಮ್ಮ ನಾಲಗೆ, ತುಟಿ ಅದನ್ನು ತಾನಾಗಿ ಮಾಡುತ್ತವೆ. ಫಿಲ್ಟರಿಗೆ ಏನೂ ಆಗಿಲ್ಲವಲ್ಲ!” ಎಂದ.

ಈ ತತ್ತ್ವ ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿಯವರ ‘ವೋಡರ್’ ಯಂತ್ರವು ಝೇಂಕಾರ, ಸುಯ್ಲು ಎಂಬ ಎರಡೇ ದ್ರವ್ಯಗಳಿಂದ ಜನರೆದುರಿಗೆ ಮಾತನಾಡಿತ್ತು. ತಂದೆಯವರು ಬಹಳ ಹೊತ್ತು ಯೋಚಿಸಿ ಸ್ಲೇಟಿನ ಮೇಲೆ ಬರೆದರು: “ಕಕಾರ?”

ಹುಡುಗನು ಪರದೆಯ ಮೇಲೆ ತೋರಿಸಿದ. ಕಕಾರಕ್ಕೆ ಮುಂಚೆ ಒಂದು ಚೂರು ನಿಶ್ಶಬ್ದವಿರುತ್ತದೆ. ಅಲ್ಲಿ ಗುಂಡಿಯನ್ನು ಬಿಡಬೇಕು, ಬಾಯಲ್ಲಿರುವ ಗಾಳಿಯಿಂದಲೇ ಅಕ್ಷರವನ್ನು ಸಿಡಿಸಬೇಕು, ಸ್ವರಕ್ಕೆ ಮತ್ತೆ ಒತ್ತಬೇಕು. ಮಾತು ಕಲಿಸುವ ಆಸ್ಪತ್ರೆಯ ತಜ್ಞೆಯೂ ಇದನ್ನೇ ಹೇಳಿದ್ದರು. ಆದರೆ ಚಿಕಿತ್ಸೆಯೆಂದರೆ ಬೇಡವಾದದ್ದು ತಾಳವೆಂದ ಕೂಡಲೇ ತಂದೆಯವರಿಗೆ ಹಿಡಿಸಿತು. ತಿಂಗಳೊಪ್ಪತ್ತು ಮಹಡಿಯಲ್ಲಿ ಪಾಠ ನಡೆಯಿತು. ಒಂದು ಬೆಳಿಗ್ಗೆ ಫೋನು ಬಂದಾಗ ಅವರೇ ಎತ್ತಿಕೊಂಡು, ಶಿವಮೊಗ್ಗದಲ್ಲಿರುವ ನಮ್ಮಕ್ಕನನ್ನು “ಕಮಲಾ” ಎಂದು ಕರೆದರು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರಲಿಲ್ಲ.

ಹಕಾರ ಮಾತ್ರ ಇಂದಿಗೂ ಬಂದಿಲ್ಲ, ಬರುವುದೂ ಇಲ್ಲ. ಅದು ಶ್ವಾಸಕೋಶದ ಉಸಿರನ್ನೇ ಬೇಡುವ ಅಕ್ಷರ. ಅಳಿಯನ ಕಂಪ್ಯೂಟರಿನಲ್ಲಾದರೋ ಅದು ಎಲ್ಲಕ್ಕಿಂತ ಸುಲಭ. ಕಿವಿಗೆ ಕೇಳುವ ಎಲ್ಲ ಕಂಪನಗಳೂ ಸಮಪ್ರಮಾಣದಲ್ಲಿ ಕಲೆತ ಒಂದು ಸುಯ್ಲು ಅವನಲ್ಲಿದೆ. ತಾಳದ ಚಿಟಿಕೆ, ಚಪ್ಪಾಳೆಗಳನ್ನೆಲ್ಲ ಅದರಿಂದಲೇ ಕತ್ತರಿಸಿಕೊಳ್ಳುತ್ತಾನೆ. ಎಲ್ಲ ಬಣ್ಣಗಳೂ ಕಲೆತ ಬೆಳಕು ಬಿಳಿಯಾಗಿರುವಂತೆ ಈ ಸುಯ್ಲಿಗೂ ವಿಜ್ಞಾನಿಗಳು ‘ಬಿಳಿಯ ಸದ್ದು’ ಎಂದೇ ಹೆಸರಿಟ್ಟಿದ್ದಾರೆ. ಕೇಶಿರಾಜನು ಕಂಪ್ಯೂಟರನ್ನು ಕನಸಿನಲ್ಲಿ ಕಂಡಿದ್ದನೆಂದು ನಾನು ವಾದಿಸಹೊರಟಿಲ್ಲ. ಹಿಂದಿನ ಬೆಂಚಿನವರಿಗೆ ಹೇಳಲು ನನಗೊಂದು ಮಾತು ದೊರಕಿತು, ಅಷ್ಟೇ.

ಮೊನ್ನೆ ಅಳಿಯನು ತಾತನಿಂದ ಒಂದೇ ಒಂದು ಪದವನ್ನು ಹೇಳಿಸಿ ಮುದ್ರಿಸಿಕೊಂಡ. ದುಂಬಿಯ ದನಿಯಲ್ಲಿ ‘ಆಲು’ ಎಂದಿತು. ಅದರ ಮುಂದೆ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ, ಬಿಳಿಯ ಸದ್ದನ್ನು ಆಕಾರದ ಫಿಲ್ಟರಿನಲ್ಲಿ ಸೋಸಿ ಅಂಟಿಸಿ, ಮತ್ತೆ ಕೇಳಿಸಿದ.

“ಹಾಲು” ಎಂದಿತು ಸ್ಪೀಕರು.

ತಂದೆಯವರು ಕಣ್ಣುಮುಚ್ಚಿ ಕೇಳಿದರು. ಬಳಿಕ ದುಂಬಿಯನ್ನು ಕುತ್ತಿಗೆಗೆ ಒತ್ತಿಕೊಂಡು, ಶಾಲೆಯಲ್ಲಿ ತಿದ್ದುತ್ತಿದ್ದ ಅದೇ ಗತ್ತಿನಿಂದ, “ಸರಿ. ಇನ್ನೊಮ್ಮೆ” ಎಂದರು.