ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್

ಬೆಂಗಳೂರು ಮುಸ್ಲಿಮ್ಸ್, ದಂಡು ಪ್ರದೇಶದ ಫುಟ್‌ಬಾಲ್ ಪರಂಪರೆಯಲ್ಲಿ ಬೆಳೆದ ಹವ್ಯಾಸಿ ಕ್ಲಬ್. ಬ್ರಿಟಿಷ್ ಪಡೆಗಳು ಬೆಂಗಳೂರಿಗೆ ತಂದ ಈ ಆಟವನ್ನು ಸ್ಥಳೀಯ ಹುಡುಗರು ಬರಿಗಾಲಲ್ಲೇ ಕಲಿತರು. 1891ರಲ್ಲಿ ಬೊಂಬಾಯಿಯಲ್ಲಿ ಶುರುವಾದ ರೋವರ್ಸ್ ಕಪ್ ದಶಕಗಳ ಕಾಲ ಸೈನ್ಯದ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಕಪ್ ಎತ್ತಿದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಮರುವರ್ಷವೂ, ಮತ್ತೆ 1948ರಲ್ಲೂ ಕಪ್ ಅದರದೇ ಆಯಿತು.

ಈ ಕ್ಲಬ್ಬಿನಲ್ಲಿ ಪಳಗಿದವರಲ್ಲಿ ಅಹ್ಮದ್ ಖಾನ್ ಪ್ರಮುಖರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅವರು, 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತದ ಏಕೈಕ ಗೋಲು ಹೊಡೆದರು. ಭಾರತ 1–10ರಿಂದ ಸೋತ ಆ ಪಂದ್ಯದ ನಂತರ ಬೂಟು ಧರಿಸುವುದು ಕಡ್ಡಾಯವಾಯಿತು. ಬರಿಗಾಲ ಆಟದ ಕಾಲ ಮುಗಿಯಿತು.

ಅಷ್ಟರಲ್ಲಿ ಕ್ಲಬ್ಬಿನ ಬಲವೂ ಕುಂದಿತ್ತು. ಬೆಂಗಳೂರಿನ ಪ್ರತಿಭಾವಂತರನ್ನು ಕಲ್ಕತ್ತೆಯ ದೊಡ್ಡ ಕ್ಲಬ್‌ಗಳು ಸೆಳೆಯುತ್ತಿದ್ದವು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಊರಲ್ಲೇ ಉಳಿದವರಿಗೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟದ ಜೊತೆಗೆ ಕಾಯಂ ನೌಕರಿಯನ್ನೂ ಕೊಟ್ಟವು. ಸಂಬಳ ಕೊಡಲಾಗದ ಹವ್ಯಾಸಿ ಕ್ಲಬ್‌ಗಳು ಈ ಪೈಪೋಟಿಯಲ್ಲಿ ಹಿಂದೆ ಬಿದ್ದವು. ಮುಂದಿನ ದಶಕಗಳಲ್ಲಿ ಬೆಂಗಳೂರಿನ ಫುಟ್‌ಬಾಲ್ ಕಾರ್ಖಾನೆ ತಂಡಗಳ ಕೈಗೆ ಹೋಯಿತು.